ಬ್ಯಾಕಪ್ ಆಗ್ಯಾದೋ ಇಲ್ಲೋ? ಅಂಗಡಿ ಕಂಪ್ಯೂಟರಿನಿಂದ ‘ಲಾಗ್’ ಬರೆಸುವುದು ಹೀಗೆ

ಸೇಡಂ: ರಾತ್ರಿ ಒಂಬತ್ತರ ಹೊತ್ತು. ಶಟರ್ ಅರ್ಧ ಇಳಿದಿದೆ. ‘ಇವತ್ತಿಂದು ಬ್ಯಾಕಪ್ ಆಗ್ಯಾದೇನಪಾ?’ ಅಂತ ಸಾಹುಕಾರರು ಕೇಳ್ತಾರೆ. ‘ಆಗಿರ್ಬೇಕ್ರೀ’ ಅಂತ ಕೆಲಸದ ಹುಡುಗ ಹೇಳ್ತಾನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಯಾವ ಪೇಟೆಗೆ ಹೋದರೂ ಕಂಪ್ಯೂಟರ್ ಇಟ್ಟ ಅಂಗಡಿಗಳಲ್ಲಿ ಈ ಮಾತು ಕೇಳಿಬರುತ್ತದೆ. ‘ಆಗ್ಯಾದ’ ಅನ್ನೋದಕ್ಕೂ ‘ಆಗಿರ್ಬೇಕು’ ಅನ್ನೋದಕ್ಕೂ ಇರುವ ವ್ಯತ್ಯಾಸ ಗೊತ್ತಾಗೋದು ಹಾರ್ಡ್ ಡಿಸ್ಕ್ ಕೆಟ್ಟ ದಿನ. ಅವತ್ತು ಪೆನ್‌ಡ್ರೈವ್ ತೆಗೆದು ನೋಡಿದರೆ ಕೊನೆಯ ಕಾಪಿ ನಾಲ್ಕು ತಿಂಗಳ ಹಿಂದಿನದು. ನಡುವಿನ ಉದ್ರಿ ಲೆಕ್ಕವೆಲ್ಲ ಹೋಯ್ತು.

ಇಂಥ ಕಡೆ ಬ್ಯಾಕಪ್ ಕೆಲಸ ಮಾಡುವುದು ಸಾಮಾನ್ಯವಾಗಿ ಒಂದು ಸಣ್ಣ ಸ್ಕ್ರಿಪ್ಟ್. ಅಳಿಯನೋ, ಕಂಪ್ಯೂಟರ್ ರಿಪೇರಿಯ ಹುಡುಗನೋ ಬರೆದುಕೊಟ್ಟ ಹತ್ತಿಪ್ಪತ್ತು ಸಾಲಿನ ಆಜ್ಞೆಗಳ ಪಟ್ಟಿ ಅದು. ದಿನಾ ರಾತ್ರಿ ಇಷ್ಟು ಗಂಟೆಗೆ ಬಿಲ್ಲಿಂಗ್ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡು, ಅಷ್ಟೇ. ಕೆಲಸ ಆದರೂ ಅದು ಸುಮ್ಮನಿರ್ತದೆ, ಆಗದಿದ್ದರೂ ಸುಮ್ಮನಿರ್ತದೆ. ಅದಕ್ಕೆ ಮಾತು ಕಲಿಸಬೇಕಾದರೆ ಇನ್ನೊಂದು ನಾಲ್ಕು ಸಾಲು ಸೇರಿಸಬೇಕು. ಏನು ಮಾಡಿದೆ, ಯಾವಾಗ ಮಾಡಿದೆ, ಎಲ್ಲಿ ಎಡವಿದೆ ಅನ್ನೋದನ್ನು ಅದು ಒಂದು ಪಠ್ಯದ ಫೈಲಿಗೆ ಬರೀತಾ ಹೋಗಬೇಕು. ಆ ಫೈಲಿಗೆ ‘ಲಾಗ್’ ಅಂತ ಹೆಸರು.

ಹಡಗಿನವರು ಕೊಟ್ಟ ಹೆಸರಿದು. ಗಂಟು ಹಾಕಿದ ಹಗ್ಗಕ್ಕೆ ಮರದ ತುಂಡು ಕಟ್ಟಿ ಸಮುದ್ರಕ್ಕೆ ಬಿಟ್ಟು, ಇಷ್ಟು ಹೊತ್ತಿನಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಅಂತ ಎಣಿಸಿ ಹಡಗಿನ ವೇಗ ಲೆಕ್ಕ ಹಾಕುತ್ತಿದ್ದರು. ಆ ಮರದ ತುಂಡೇ ಲಾಗ್. ಅದರ ಲೆಕ್ಕ ಬರೆದ ಪುಸ್ತಕ ಲಾಗ್ ಬುಕ್ ಆಯಿತು. ಕಂಪ್ಯೂಟರಿನವರು ಹೆಸರನ್ನು ಅಲ್ಲಿಂದ ಎತ್ತಿಕೊಂಡರು.

ನಮ್ಮ ಪೇಟೆಗೆ ಇದು ಹೊಸ ವಿದ್ಯೆಯೇನಲ್ಲ. ಅಡತ್ ಅಂಗಡಿಯ ಕಿರ್ದಿ ಪುಸ್ತಕವೇ ಲಾಗ್. ಮೊದಲು ತಾರೀಕು, ಆಮೇಲೆ ಹೆಸರು, ಬಾಬ್ತು, ಕೊನೆಗೆ ರಕಮು. ನಡೆದದ್ದು ನಡೆದ ಕ್ರಮದಲ್ಲೇ ಬರಬೇಕು, ಹಾಳೆ ಹರಿಯುವಂತಿಲ್ಲ, ನಡುವೆ ಸಾಲು ತುರುಕುವಂತಿಲ್ಲ. ಖಾತೆ ಪುಸ್ತಕ ಬೇರೆ: ಅದು ಕಿರ್ದಿಯಿಂದ ಹುಟ್ಟುವ ಸಾರಾಂಶ. ಲಾಗ್ ಅಂದರೆ ಕಂಪ್ಯೂಟರಿನ ಕಿರ್ದಿ ಅಂತ ತಿಳಿದುಕೊಂಡರೆ ಅರ್ಧ ವಿಷಯ ತಿಳಿದಂತೆ.

ಇನ್ನೂ ಹಿಂದಕ್ಕೆ ಹೋಗಬಹುದು. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು. ಆ ಕಾಲದ, ಅದರ ನಂತರದ ಕನ್ನಡ ಶಾಸನಗಳನ್ನು ಓದಿದವರಿಗೆ ಅವುಗಳ ಅಚ್ಚು ಗೊತ್ತು. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ; ಆಗ ಆಳುತ್ತಿದ್ದವರು ಯಾರು; ಯಾರು, ಯಾರಿಗೆ, ಏನು ಕೊಟ್ಟರು; ಕೊನೆಗೆ ಇದನ್ನು ಅಳಿಸಿದವನಿಗೆ ಶಾಪ. ಯಾವ ಕಲ್ಲು ನೋಡಿದರೂ ಹೆಚ್ಚುಕಡಿಮೆ ಇದೇ ಸಾಲುಜೋಡಣೆ. ಹಾಗಿರುವುದರಿಂದಲೇ ಅರ್ಧ ಸವೆದ ಕಲ್ಲನ್ನೂ ತಿಳಿದವರು ಓದಬಲ್ಲರು, ಎಲ್ಲಿ ಏನಿರಬೇಕು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ಲಾಗ್ ಸಾಲಿಗೆ ಒಂದೇ ಅಚ್ಚು ಬೇಕು ಅನ್ನುವುದೂ ಇದಕ್ಕೇ. (ಫೈಲ್ ಅಳಿಸಿದವನಿಗೆ ಶಾಪ ಹಾಕುವ ಸೌಲಭ್ಯ ಮಾತ್ರ ಕಂಪ್ಯೂಟರಿನಲ್ಲಿಲ್ಲ. ಅದರ ಬದಲು ‘ಓದಲು ಮಾತ್ರ’ ಅನ್ನುವ ಅನುಮತಿ ಇದೆ.)

ಒಂದು ಸಾಲಿನಲ್ಲಿ ಏನಿರಬೇಕು?

ಉದಾಹರಣೆಗೆ ಹೀಗೊಂದು ಲಾಗ್ ಇದೆ ಅಂತ ಇಟ್ಟುಕೊಳ್ಳಿ:

2025-11-03 21:00:01 | ಮಾಹಿತಿ | ಬ್ಯಾಕಪ್ | ಶುರುವಾಯಿತು, ಒಟ್ಟು 148 ಫೈಲ್
2025-11-03 21:00:02 | ಎಚ್ಚರಿಕೆ | ಬ್ಯಾಕಪ್ | ಪೆನ್‌ಡ್ರೈವಿನಲ್ಲಿ 312 ಎಂಬಿ ಮಾತ್ರ ಖಾಲಿ ಇದೆ
2025-11-03 21:00:09 | ತಪ್ಪು | ಬ್ಯಾಕಪ್ | 131 ಫೈಲ್ ನಕಲಾದವು, 17 ಆಗಲಿಲ್ಲ, ಕಾರಣ: ಜಾಗ ಸಾಲದು
2025-11-03 21:00:09 | ಮಾಹಿತಿ | ಬ್ಯಾಕಪ್ | ಮುಗಿಯಿತು, 8 ಸೆಕೆಂಡ್

ಕಂಪ್ಯೂಟರ್ ಓದದವರಿಗೂ ಇದು ತಿಳಿಯುತ್ತದೆ. ಪ್ರತಿ ಸಾಲಿನಲ್ಲೂ ಹೊತ್ತು, ಗಂಭೀರತೆ, ಯಾರ ಕೆಲಸ, ಏನಾಯಿತು ಎಂಬ ನಾಲ್ಕು ಮನೆಗಳಿವೆ, ನಡುವೆ ನಿಂತ ಗೆರೆ. ಗೆರೆಯ ಬದಲು ಅಲ್ಪವಿರಾಮ ಹಾಕಿದರೆ ಏನಾಗ್ತದೆ ಅಂತ ಕೆಲವರು ಕೇಳ್ತಾರೆ. ಮೂರನೇ ಸಾಲು ನೋಡಿ, ಸಂದೇಶದ ಒಳಗೇ ಅಲ್ಪವಿರಾಮ ಬಂದಿದೆ. ಎಕ್ಸೆಲ್‌ನಲ್ಲಿ ತೆರೆದಾಗ ಅದು ತುಂಡಾಗಿ ಬೇರೆ ಬೇರೆ ಮನೆಗೆ ಬೀಳುತ್ತದೆ. ನಿಂತ ಗೆರೆ ಮಾತಿನ ನಡುವೆ ಬರುವುದು ಅಪರೂಪ.

ಇನ್ನೊಂದು ಬಗೆಯ ಲಾಗ್ ಹೀಗಿರ್ತದೆ: ‘ಆಯಿತು. ಆಯಿತು. ಎರರ್. ಆಯಿತು.’ ಏನು ಆಯಿತು, ಯಾವತ್ತು ಎರರ್, ಒಂದೂ ಇಲ್ಲ. ಇಂಥದ್ದು ಇರುವುದಕ್ಕಿಂತ ಇಲ್ಲದಿರುವುದೇ ಲೇಸು, ಯಾಕಂದ್ರೆ ದಾಖಲೆ ಇದೆ ಅನ್ನೋ ಸುಳ್ಳು ಧೈರ್ಯವನ್ನಾದರೂ ಅದು ಕೊಡುವುದಿಲ್ಲ.

ಬಾಬ್ತು ಬಿಟ್ಟುಹೋದರೆ

ಮನೆ ಬಿಟ್ಟುಹೋದ ದಾಖಲೆ ಎಷ್ಟು ತೊಂದರೆ ಕೊಡಬಲ್ಲದು ಅನ್ನೋದನ್ನು ರಾಜ್ಯದ ಸಣ್ಣ ವ್ಯಾಪಾರಿಗಳು 2025ರ ಜುಲೈನಲ್ಲಿ ಕಂಡರು. 2021-22ರಿಂದೀಚೆಗೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವುದು ನಿಯಮ. ಹಾಲು, ತರಕಾರಿಯಂಥ ತೆರಿಗೆಯೇ ಇಲ್ಲದ ಸರಕು ಮಾರುವವರಿಗೂ ನೋಟಿಸ್ ಬಂದಾಗ ಗದ್ದಲವಾಯಿತು. ಎಷ್ಟೋ ಅಂಗಡಿಗಳಲ್ಲಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅನ್ನೋ ಚೀಟಿ ತೂಗಿತು.

ಯುಪಿಐ ದಾಖಲೆಯಲ್ಲಿ ಹೊತ್ತು ಇತ್ತು, ರಕಮು ಇತ್ತು, ಕಳಿಸಿದವರ ಹೆಸರೂ ಇತ್ತು. ಇಲ್ಲದ್ದು ಬಾಬ್ತು. ಬಂದ ಐದು ಸಾವಿರ ಬದನೆಕಾಯಿ ಮಾರಿದ್ದೋ, ತಮ್ಮ ವಾಪಸ್ ಕೊಟ್ಟ ಕೈಗಡವೋ, ಮಗಳ ಫೀಸಿಗೆ ಬಂದದ್ದೋ ಅಂತ ಆ ಸಾಲು ಹೇಳುವುದಿಲ್ಲ. ಕಿರ್ದಿ ಬರೆದಿಟ್ಟವರು ಉತ್ತರ ಕೊಟ್ಟರು. ಬರೆಯದವರು ಮೂರು ನಾಲ್ಕು ವರ್ಷದ ಹಿಂದಿನ ಸಂಜೆಗಳನ್ನು ನೆನಪು ಮಾಡಿಕೊಳ್ಳುತ್ತಾ ಕೂತರು.

ಸ್ಕ್ರಿಪ್ಟ್ ಬರೆಸುವಾಗಲೂ ಇದೇ ಪ್ರಶ್ನೆ ಕೇಳಿ: ಈ ಸಾಲನ್ನು ಮೂರು ವರ್ಷ ಬಿಟ್ಟು ಓದಿದರೆ ನನಗೆ ಅರ್ಥ ಆಗ್ತದೋ? ‘ಫೈಲ್ ಸಿಗಲಿಲ್ಲ’ ಅಂತ ಬರೆದರೆ ಸಾಲದು, ಯಾವ ಫೈಲ್, ಯಾವ ಫೋಲ್ಡರಿನಲ್ಲಿ ಅಂತಲೂ ಬರೆಯಬೇಕು. ‘ಬಿಲ್ ರದ್ದು’ ಅಂದರೆ ಸಾಲದು, ಬಿಲ್ ನಂಬರ್ ಬೇಕು.

ನಂಬರಿನ ವಿಷಯಕ್ಕೆ ವಾಡಿ ಜಂಕ್ಷನ್ ಒಳ್ಳೆ ಪಾಠ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ಶುರುವಾದ ಹಳಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಹಾದು ತಾಂಡೂರಿನ ಕಡೆ ಹೋಗುತ್ತದೆ. ರೈಲ್ವೆ ಸ್ಟೇಷನ್ ಮಾಸ್ತರರ ಮೇಜಿನ ಮೇಲೆ ಟ್ರೇನ್ ರಿಜಿಸ್ಟರ್ ಅಂತ ಒಂದು ದೊಡ್ಡ ಪುಸ್ತಕ ಇರ್ತದೆ, ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಅನ್ನೋದೆಲ್ಲ ಅದರಲ್ಲಿ. ಪಕ್ಕದ ಸ್ಟೇಷನ್ನಿನ ಜೊತೆ ಫೋನಿನಲ್ಲಿ ಒಪ್ಪಿಗೆ ವಿನಿಮಯ ಆದಾಗ ಮಾಸ್ತರರು ‘ಪ್ರೈವೇಟ್ ನಂಬರ್’ ಅನ್ನೋ ಒಂದು ಸಂಖ್ಯೆ ಹೇಳುತ್ತಾರೆ. ಅದು ಎರಡೂ ಕಡೆಯ ಪುಸ್ತಕದಲ್ಲಿ ಬೀಳುತ್ತದೆ. ನಾಳೆ ತಕರಾರು ಬಂದರೆ ಎರಡು ಊರಿನ ಎರಡು ಪುಸ್ತಕವನ್ನು ಪಕ್ಕಪಕ್ಕ ಇಟ್ಟು ಆ ಸಂಖ್ಯೆ ಹಿಡಿದು ತಾಳೆ ನೋಡಬಹುದು. ತಪ್ಪು ಬರೆದರೆ ಅಳಿಸುವಂತಿಲ್ಲ, ಮೇಲೆ ಗೆರೆ ಎಳೆದು ಸಹಿ ಹಾಕಬೇಕು. ಬಿಲ್ಲಿಂಗ್ ಲಾಗ್‌ನಲ್ಲಿ ಬಿಲ್ ನಂಬರ್, ಯುಪಿಐ ವಹಿವಾಟಿನ ನಂಬರ್ ಇದ್ದರೆ ಅದೂ ಹೀಗೇ ಬ್ಯಾಂಕ್ ಸ್ಟೇಟ್‌ಮೆಂಟಿನ ಪಕ್ಕ ನಿಲ್ಲಬಲ್ಲದು.

ಹೊತ್ತು: ಯಾರ ಗಡಿಯಾರದ್ದು?

ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತಲಿನ ಜನ ಭೂಮಿಯೊಳಗಿಂದ ಸದ್ದು ಬರ್ತದೆ ಅಂತ ಬಹಳ ದಿನಗಳಿಂದ ಹೇಳುತ್ತಿದ್ದರು. ಯಾವತ್ತು, ಎಷ್ಟು ಗಂಟೆಗೆ ಅಂದರೆ ಪ್ರತಿಯೊಬ್ಬರದ್ದೂ ಒಂದೊಂದು ಲೆಕ್ಕ. 2021ರ ಅಕ್ಟೋಬರ್ 11ರ ರಾತ್ರಿ 9:54ರ ಸುಮಾರಿಗೆ ತೀವ್ರತೆ 4ರ ಆಸುಪಾಸಿನ ಕಂಪನವಾಗಿ ಜನ ಮನೆ ಬಿಟ್ಟು ಹೊರಗೆ ಓಡಿದರು. ಅದರ ಹೊತ್ತು, ತೀವ್ರತೆಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ದೂರದ ಭೂಕಂಪನ ಮಾಪಕಗಳು ಅದನ್ನು ಬರೆದಿಟ್ಟಿದ್ದವು. ಆಮೇಲೆ ಗಡಿಕೇಶ್ವಾರದಲ್ಲೇ ಮಾಪಕ ಇಟ್ಟರು. ಅಲ್ಲಿಯವರೆಗೆ ಊರವರ ಮಾತಾಗಿದ್ದದ್ದು ಅಲ್ಲಿಂದ ಮುಂದೆ ದಾಖಲೆಯಾಯಿತು.

ಆದರೆ ವಿಜ್ಞಾನಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದೇ ಕಂಪನ ಹುಡುಕಿದರೆ ರಾತ್ರಿ 9:54 ಅಂತ ಸಿಗುವುದಿಲ್ಲ, 16:24ರ ಹತ್ತಿರ ಹುಡುಕಬೇಕು. ಅವರು ಬಳಸುವುದು ಯುಟಿಸಿ ಅನ್ನೋ ಜಾಗತಿಕ ಸಮಯ, ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ. ಅಂಗಡಿಯವರಿಗೂ ಈ ಐದೂವರೆ ತಾಸು ಕಾಡುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಕ್ಲೌಡಿನಲ್ಲಿದ್ದರೆ ಅದರ ಲಾಗ್ ಬಹಳ ಸಲ ಯುಟಿಸಿಯಲ್ಲೇ ಇರ್ತದೆ. ಬೆಳಿಗ್ಗೆ ಐದಕ್ಕೆ ಹಾಲಿನ ಅಂಗಡಿ ತೆರೆದು ಮಾಡಿದ ಮೊದಲ ಬಿಲ್ ಅಲ್ಲಿ ಹಿಂದಿನ ದಿನದ 23:30 ಅಂತ ಬೀಳುತ್ತದೆ. ‘ನಿನ್ನೆ ರಾತ್ರಿ ಹನ್ನೊಂದೂವರೆಗೆ ಅಂಗಡಿ ತೆರೆದವನಾರು?’ ಅಂತ ಹುಡುಗನ ಮೇಲೆ ಅನುಮಾನ ಪಡುವ ಮುಂಚೆ ಇದನ್ನು ನೋಡಬೇಕು. ಲಾಗ್ ಸಾಲಿನಲ್ಲೇ ಹೊತ್ತಿನ ಮುಂದೆ +05:30 ಅಂತ ಬರೆಸಿದರೆ ಗೊಂದಲವೇ ಇಲ್ಲ.

ತಾರೀಕನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಸಿ. 03/11 ಅಂದರೆ ನಮಗೆ ನವೆಂಬರ್ 3, ಅಮೆರಿಕದ ಸೆಟ್ಟಿಂಗಿನಲ್ಲಿರುವ ಕಂಪ್ಯೂಟರಿಗೆ ಮಾರ್ಚ್ 11. 1988ರಲ್ಲೇ ಬಂದ ಐಎಸ್‌ಒ 8601 ಅನ್ನೋ ಅಂತರರಾಷ್ಟ್ರೀಯ ಮಾನಕ ವರ್ಷ ಮೊದಲು ಅನ್ನುತ್ತದೆ. ಹಾಗೆ ಬರೆದರೆ ಅಕ್ಷರ ಕ್ರಮದಲ್ಲಿ ಜೋಡಿಸಿದರೂ ಕಾಲಕ್ರಮವೇ ಸಿಗುತ್ತದೆ. ಫೈಲಿನ ಹೆಸರಿನಲ್ಲಿ ತಾರೀಕು ಹಾಕುವವರು ಇನ್ನೊಂದು ನೆನಪಿಡಬೇಕು: ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಓರೆಗೆರೆಯನ್ನೂ ಎರಡು ಚುಕ್ಕೆಯನ್ನೂ ಒಪ್ಪುವುದಿಲ್ಲ. 03/11 ಅಂತ ಹೆಸರಿಡಲು ಹೋದ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.

ಹಳೆ ಕಂಪ್ಯೂಟರಿನ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರ್ತದೆ. ಲಾಗ್ ಆ ತಾರೀಕನ್ನೇ ನಂಬಿ ಬರೆಯುತ್ತದೆ. ಆ ಬ್ಯಾಟರಿ ಬಹಳ ತುಟ್ಟಿಯದೇನಲ್ಲ.

ಒಂದು ಬಾಣ, ಎರಡು ಬಾಣ

ಈಗ ಬರೆಸುವ ಕೆಲಸ. ವಿಂಡೋಸ್‌ನ ಬ್ಯಾಚ್ ಫೈಲ್ ಆಗಲಿ, ಲಿನಕ್ಸ್‌ನ ಶೆಲ್ ಸ್ಕ್ರಿಪ್ಟ್ ಆಗಲಿ, ಪರದೆಯ ಮೇಲೆ ಬರುವ ಮಾತನ್ನು ಫೈಲಿಗೆ ತಿರುಗಿಸಲು ಬಾಣದ ಗುರುತು ಬಳಸುತ್ತಾರೆ. ಒಂದು ಬಾಣ > ಹಾಕಿದರೆ ಫೈಲಿನಲ್ಲಿ ಇದ್ದದ್ದೆಲ್ಲ ಅಳಿಸಿ ಹೊಸದಾಗಿ ಬರೆಯುತ್ತದೆ. ಎರಡು ಬಾಣ >> ಹಾಕಿದರೆ ಹಳೆಯದರ ಕೆಳಗೆ ಸೇರಿಸುತ್ತದೆ. ಅಂಗಡಿ ಸ್ಕ್ರಿಪ್ಟ್‌ಗಳಲ್ಲಿ ಅತಿ ಸುಲಭವಾಗಿ ಆಗುವ ಎಡವಟ್ಟು ಇದು. ಒಂದೇ ಬಾಣ ಇದ್ದರೆ ಲಾಗ್‌ನಲ್ಲಿ ಯಾವಾಗಲೂ ನಿನ್ನೆಯ ರಾತ್ರಿ ಮಾತ್ರ ಇರ್ತದೆ. ಮೊನ್ನೆ ಏನಾಯಿತು ಅಂತ ಕೇಳಿದರೆ ಉತ್ತರ ಇಲ್ಲ. ಇನ್ನೊಂದು ಸಂಗತಿ, ಎರರ್ ಸಂದೇಶಗಳು ಬೇರೆ ಕೊಳವೆಯಲ್ಲಿ ಬರುತ್ತವೆ. ಅದನ್ನೂ ಫೈಲಿಗೆ ತಿರುಗಿಸದಿದ್ದರೆ ಒಳ್ಳೆಯ ಸುದ್ದಿ ಮಾತ್ರ ಲಾಗ್‌ಗೆ ಬಿದ್ದು, ಕೆಟ್ಟ ಸುದ್ದಿ ಯಾರೂ ನೋಡದ ಪರದೆಯ ಮೇಲೆ ಬಂದು ಮಾಯವಾಗುತ್ತದೆ. ಬಾಣದ ಜೊತೆ 2>&1 ಅಂತ ಬರೆಯುವುದು ಇದಕ್ಕಾಗಿ.

ವಿಂಡೋಸ್‌ನಲ್ಲೇ ಬರುವ ರೋಬೊಕಾಪಿ ಅನ್ನೋ ನಕಲು ಉಪಕರಣ ಅಂಗಡಿ ಬ್ಯಾಕಪ್‌ಗೆ ತುಂಬಾ ಅನುಕೂಲ. ಲಾಗ್ ಬರೆಯುವ ಆಯ್ಕೆ ಅದರಲ್ಲೇ ಇದೆ. ಆ ಆಯ್ಕೆಗೆ ಕೂಡಿಸುವ ಚಿಹ್ನೆ ಹಚ್ಚಿದರೆ ಹಳೆಯದರ ಕೆಳಗೆ ಬರೀತದೆ, ಹಚ್ಚದಿದ್ದರೆ ಅಳಿಸಿ ಬರೀತದೆ. ಎರಡು ವಿಚಾರದಲ್ಲಿ ಇದು ಜನರನ್ನು ದಾರಿ ತಪ್ಪಿಸುತ್ತದೆ. ಕೆಲಸ ಮುಗಿದ ಮೇಲೆ ಅದು ಕೊಡುವ ಸಂಖ್ಯೆ 1 ಅಂತ ಬಂದರೆ ಬಹಳ ಹುಡುಗರು ತಪ್ಪಾಯಿತು ಅಂತ ತಿಳಿಯುತ್ತಾರೆ, ಉಳಿದ ಉಪಕರಣಗಳಲ್ಲಿ ಸೊನ್ನೆ ಅಂದರೆ ಸರಿ, ಬೇರೆ ಏನೇ ಬಂದರೂ ತಪ್ಪು. ರೋಬೊಕಾಪಿಯಲ್ಲಿ 1 ಅಂದರೆ ಫೈಲುಗಳು ಚೆನ್ನಾಗಿ ನಕಲಾದವು ಅಂತ. 8 ಮತ್ತು ಅದರ ಮೇಲಿನದ್ದು ಬಂದರೆ ಮಾತ್ರ ಚಿಂತೆ.

ಎರಡನೆಯದು ತಮಾಷೆಯಾಗಿದೆ. ಒಂದು ಫೈಲ್ ನಕಲಾಗದಿದ್ದರೆ ರೋಬೊಕಾಪಿ 30 ಸೆಕೆಂಡ್ ಕಾದು ಮತ್ತೆ ಪ್ರಯತ್ನಿಸುತ್ತದೆ. ಎಷ್ಟು ಸಲ? ನೀವು ಬೇರೆ ಹೇಳದಿದ್ದರೆ 10 ಲಕ್ಷ ಸಲ. ಲೆಕ್ಕ ಹಾಕಿದರೆ 347 ದಿನ. ಬಿಲ್ಲಿಂಗ್ ಸಾಫ್ಟ್‌ವೇರ್ ಮುಚ್ಚದೆ ಮನೆಗೆ ಹೋದರೆ ಆ ಫೈಲ್ ಬೀಗ ಹಾಕಿದಂತಿರ್ತದೆ, ಬ್ಯಾಕಪ್ ಮುಂದಿನ ವರ್ಷದವರೆಗೂ ಅದರ ಬಾಗಿಲು ಬಡಿಯುತ್ತಾ ಕೂರುವುದು ಹೀಗೆ. ಪ್ರಯತ್ನ ಮೂರು ಸಲ, ಕಾಯುವುದು ಐದು ಸೆಕೆಂಡ್ ಅಂತ ಬರೆಸಿದರೆ ಸಾಕು. ಅದಕ್ಕೇ ‘ಶುರುವಾಯಿತು’, ‘ಮುಗಿಯಿತು’ ಎರಡೂ ಸಾಲು ಲಾಗ್‌ನಲ್ಲಿ ಇರಲೇಬೇಕು. ಶುರು ಇದೆ, ಮುಗಿದದ್ದಿಲ್ಲ ಅಂದರೆ ಕೆಲಸ ನಡುವೆ ಎಲ್ಲೋ ನಿಂತಿದೆ ಅಂತ ಖಾತ್ರಿ. ಎರಡೂ ಇಲ್ಲ ಅಂದರೆ ಸ್ಕ್ರಿಪ್ಟ್ ಓಡಿಯೇ ಇಲ್ಲ. ಮೌನವನ್ನು ಹೀಗೆ ಬೇರೆ ಬೇರೆ ಮಾಡಿ ಓದಲು ಬರಬೇಕು.

ಸ್ವಲ್ಪ ದೊಡ್ಡ ಕೆಲಸಕ್ಕೆ, ಉದಾಹರಣೆಗೆ ದಾಲ್ ಮಿಲ್ಲಿನ ತೂಕದ ಯಂತ್ರದಿಂದ ತೊಗರಿ ಚೀಲದ ತೂಕ ತಾನಾಗಿ ಕಂಪ್ಯೂಟರಿಗೆ ಬರುವ ಕಡೆ, ಪೈಥಾನ್ ಭಾಷೆ ಬಳಸುವುದು ಹೆಚ್ಚು. ಅದರೊಳಗೆ 2003ರಿಂದಲೂ ಲಾಗಿಂಗ್ ಅನ್ನೋ ತಯಾರು ಭಾಗ ಇದೆ, ಬೇರೆ ಕೊಳ್ಳಬೇಕಿಲ್ಲ. ಗಂಭೀರತೆಗೆ ಅದು ಐದು ಮೆಟ್ಟಿಲು ಇಟ್ಟಿದೆ: ಡೀಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ಯಾವ ಮೆಟ್ಟಿಲಿನಿಂದ ಮೇಲಿನದ್ದನ್ನು ಬರೆಯಬೇಕು ಅಂತ ನೀವು ಹೇಳಬೇಕು. ಹೇಳದಿದ್ದರೆ ಅದು ವಾರ್ನಿಂಗ್‌ನಿಂದ ಮೇಲಿನದ್ದು ಮಾತ್ರ ಬರೆಯುತ್ತದೆ. ಹೊಸದಾಗಿ ಕಲಿತ ಹುಡುಗರು ‘ಇನ್ಫೋ ಹಾಕೀನ್ರೀ, ಫೈಲ್‌ದಾಗ ಏನೂ ಬರವಲ್ದು’ ಅಂತ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಮೆಟ್ಟಿಲನ್ನು ಇನ್ಫೋಗೆ ಇಳಿಸಿದರೆ ಬರುತ್ತದೆ. ಪ್ರತಿ ಸಾಲನ್ನೂ ಎರರ್ ಅಂತ ಬರೆಯುವುದೂ ಒಂದು ರೋಗವೇ. ತೂಕದಲ್ಲಿ ಹತ್ತು ಗ್ರಾಂ ಏರುಪೇರಾದರೂ ಎರರ್, ಯಂತ್ರದ ವೈರ್ ಕಿತ್ತರೂ ಎರರ್ ಅಂದರೆ ಮೂರನೇ ದಿನದಿಂದ ಯಾರೂ ಅದನ್ನು ತೆರೆದು ನೋಡುವುದಿಲ್ಲ.

ಕನ್ನಡ ಹೆಸರು, ಕರೆಂಟು, ಫೋಲ್ಡರು

ಗಿರಾಕಿಯ ಹೆಸರು ಕನ್ನಡದಲ್ಲಿದ್ದರೆ ಲಾಗ್‌ನಲ್ಲಿ ಅದು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬೀಳಬಹುದು, ಅಥವಾ ಆ ಸಾಲೇ ಬೀಳದೆ ಹೋಗಬಹುದು. ಫೈಲನ್ನು ಯುಟಿಎಫ್-8 ಅನ್ನೋ ಲಿಪಿ ಸಂಕೇತದಲ್ಲಿ ತೆರೆ ಅಂತ ಸ್ಕ್ರಿಪ್ಟ್‌ಗೆ ಸ್ಪಷ್ಟವಾಗಿ ಹೇಳಬೇಕು. ವಿಂಡೋಸ್ ತಾನಾಗಿ ಅದನ್ನೇ ಆಯ್ದುಕೊಳ್ಳುತ್ತದೆ ಅಂತ ನೆಚ್ಚಬೇಡಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಯುನಿಕೋಡ್ ಅಲ್ಲದೆ ಟೈಪ್ ಮಾಡಿದ ಹೆಸರುಗಳಿದ್ದರೆ ಅವು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಅಂಥವನ್ನು ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಬೇಕು.

ಕರೆಂಟು ಹೋಗುವ ವಿಷಯ ಯಾರಿಗೂ ಹೇಳಬೇಕಿಲ್ಲ. ಸ್ಕ್ರಿಪ್ಟ್ ‘ಬರೆದೆ’ ಅಂದ ಕೂಡಲೇ ಅದು ಡಿಸ್ಕಿಗೆ ಹೋಗಿರುವುದಿಲ್ಲ. ಹಮಾಲರು ಒಂದೊಂದೇ ಚೀಲ ಲಾರಿಗೆ ಒಯ್ಯದೆ ಬಾಗಿಲ ಬಳಿ ಒಟ್ಟಿಕೊಂಡು ಒಮ್ಮೆಗೇ ಏರಿಸುವಂತೆ, ಕಂಪ್ಯೂಟರ್ ಸಾಲುಗಳನ್ನು ನೆನಪಿನಲ್ಲಿ ಒಟ್ಟಿಕೊಂಡು ಆಮೇಲೆ ಬರೆಯುತ್ತದೆ. ನಡುವೆ ಕರೆಂಟು ಹೋದರೆ ಬಾಗಿಲ ಬಳಿಯ ರಾಶಿ ಹೋಯ್ತು. ಹೋಗುವುದು ಕೊನೆಯ ಸಾಲುಗಳೇ, ನಮಗೆ ಬೇಕಾದದ್ದೂ ಅವೇ. ಪೈಥಾನ್‌ನ ಲಾಗಿಂಗ್ ಭಾಗ ಪ್ರತಿ ಸಾಲಿಗೂ ಆ ರಾಶಿಯನ್ನು ಮುಂದಕ್ಕೆ ತಳ್ಳುತ್ತದೆ. ಸಾದಾ ರೀತಿಯಲ್ಲಿ ಫೈಲ್ ತೆರೆದು ಬರೆಯುವ ಸ್ಕ್ರಿಪ್ಟ್ ತಳ್ಳುವುದಿಲ್ಲ, ಅದಕ್ಕೆ ಪ್ರತಿ ಸಲ ‘ಫ್ಲಶ್’ ಮಾಡು ಅಂತ ಹೇಳಬೇಕು. ಯುಪಿಎಸ್ ಇದ್ದರೂ ಇದನ್ನು ಬಿಡಬಾರದು.

ಲಾಗ್ ಫೈಲ್ ಎಲ್ಲಿದೆ ಅಂತಲೇ ಗೊತ್ತಾಗದ ಪ್ರಸಂಗಗಳೂ ಉಂಟು. ಸ್ಕ್ರಿಪ್ಟಿನಲ್ಲಿ ಬರೀ ಫೈಲ್ ಹೆಸರು ಬರೆದು ಪೂರ್ತಿ ವಿಳಾಸ ಕೊಡದಿದ್ದರೆ, ಕೈಯಿಂದ ಓಡಿಸಿದಾಗ ಅದೇ ಫೋಲ್ಡರಿನಲ್ಲಿ ಬೀಳುತ್ತದೆ, ಟಾಸ್ಕ್ ಶೆಡ್ಯೂಲರ್ ರಾತ್ರಿ ಓಡಿಸಿದಾಗ ವಿಂಡೋಸಿನ ಸಿಸ್ಟಮ್ ಫೋಲ್ಡರಿನೊಳಗೆ ಬರೆಯಲು ಹೋಗುತ್ತದೆ. ಡ್ರೈವಿನ ಅಕ್ಷರದಿಂದ ಹಿಡಿದು ಪೂರ್ತಿ ವಿಳಾಸ ಬರೆಸಿ. ಬ್ಯಾಕಪ್ ಪೆನ್‌ಡ್ರೈವಿನೊಳಗೇ ಲಾಗ್ ಇಡುವುದೂ ಬೇಡ. ಪೆನ್‌ಡ್ರೈವ್ ಸಿಗಲಿಲ್ಲ ಅನ್ನೋ ಸುದ್ದಿಯನ್ನು ಅದು ಬರೆಯುವುದೆಲ್ಲಿ?

ಫೈಲ್ ಬೆಳೆಯುತ್ತಲೇ ಹೋಗುತ್ತದೆ ಅನ್ನೋ ಚಿಂತೆಗೆ ತಿಂಗಳಿಗೊಂದು ಫೈಲ್ ಸಾಕು. ದೀಪಾವಳಿಗೆ ಹೊಸ ಕಿರ್ದಿ ಪೂಜೆ ಮಾಡಿ ಹಳೆಯದನ್ನು ಅಟ್ಟಕ್ಕೆ ಏರಿಸುವ ಪದ್ಧತಿಯೇ ಇದು.

ಬರೆಯಬಾರದ್ದು

ಪಾಸ್‌ವರ್ಡ್, ಒಟಿಪಿ, ಗಿರಾಕಿಯ ಪೂರ್ತಿ ಆಧಾರ್ ನಂಬರ್ ಲಾಗ್‌ಗೆ ಹೋಗಬಾರದು. ಲಾಗ್ ಪಠ್ಯದ ಫೈಲ್, ಯಾರು ತೆರೆದರೂ ಓದಬಹುದು. ದೊಡ್ಡವರೂ ಇಲ್ಲಿ ಎಡವಿದ್ದಾರೆ: 2018ರ ಮೇನಲ್ಲಿ ಟ್ವಿಟರ್ ಕಂಪನಿ ತನ್ನ ಒಳಗಿನ ಲಾಗ್‌ನಲ್ಲಿ ಪಾಸ್‌ವರ್ಡ್‌ಗಳು ಮುಚ್ಚದೆ ಬಿದ್ದಿದ್ದವು ಅಂತ ಒಪ್ಪಿಕೊಂಡು 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಲು ಹೇಳಿತ್ತು. ನಂಬರ್ ಬೇಕೇ ಬೇಕು ಅಂದರೆ ಕೊನೆಯ ನಾಲ್ಕು ಅಂಕಿ ಸಾಕು.

ಹೊರಗಿನವರು ಟೈಪ್ ಮಾಡಿದ್ದನ್ನು ಲಾಗ್‌ಗೆ ಬರೆಯುವಾಗಲೂ ಎಚ್ಚರ ಬೇಕು. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಅನ್ನೋ ಜಾವಾದ ಲಾಗ್ ಉಪಕರಣದಲ್ಲಿ ಸಿಕ್ಕ ದೋಷ ಇಡೀ ಪ್ರಪಂಚದ ಕಂಪ್ಯೂಟರ್ ಕಚೇರಿಗಳ ನಿದ್ದೆ ಕೆಡಿಸಿತು. ಬರೆಯಬೇಕಾದ ಮಾತಿನೊಳಗೆ ವಿಶೇಷ ಸಂಕೇತವಿದ್ದರೆ ಅದು ಬರೆದು ಸುಮ್ಮನಿರದೆ ಆಜ್ಞೆಯಂತೆ ಪಾಲಿಸುತ್ತಿತ್ತು. ಆಟವೊಂದರ ಚಾಟ್ ಪೆಟ್ಟಿಗೆಯಲ್ಲಿ ಒಂದು ಸಾಲು ಟೈಪ್ ಮಾಡಿ ಸರ್ವರ್ ಕೈವಶ ಮಾಡಿಕೊಳ್ಳಬಹುದಿತ್ತು. ಗುಮಾಸ್ತ ಕೇಳಿದ್ದನ್ನು ಬರೆದುಕೊಳ್ಳಬೇಕೇ ಹೊರತು ಹೇಳಿದ್ದನ್ನೆಲ್ಲ ಮಾಡಿಬಿಡಬಾರದಲ್ಲ.

ಲಾಗ್ ಯಾರ ಕೈಯಲ್ಲಿರಬೇಕು?

ಬ್ರಿಟನ್ನಿನ ಅಂಚೆ ಹಗರಣವನ್ನು ನಮ್ಮ ಅಂಗಡಿಕಾರರು ತಿಳಿದಿರುವುದು ಒಳ್ಳೆಯದು. ಅಲ್ಲಿ ಹಳ್ಳಿ, ಸಣ್ಣ ಊರುಗಳ ಎಷ್ಟೋ ಅಂಚೆ ಕಚೇರಿಗಳು ಕಿರಾಣಿ ಅಂಗಡಿಯೊಳಗೇ ಇರುತ್ತವೆ, ಅಂಗಡಿಯವರೇ ಪೋಸ್ಟ್‌ಮಾಸ್ತರರು. 1999ರಲ್ಲಿ ಫುಜಿತ್ಸು ಕಂಪನಿಯ ಹೊರೈಜನ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಂತು. ಅದು ಗಲ್ಲೆಯಲ್ಲಿ ಹಣ ಕಡಿಮೆ ಇದೆ ಅಂತ ತೋರಿಸಿದಾಗಲೆಲ್ಲ ಮಾಸ್ತರರ ಮೇಲೆ ಕಳ್ಳತನದ ಆರೋಪ ಬಂತು. 1999ರಿಂದ 2015ರೊಳಗೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಮನೆ ಮಾರಿದರು. ಅವರಲ್ಲಿ ಭಾರತ ಮೂಲದವರೂ ಇದ್ದರು. ತಪ್ಪು ಸಾಫ್ಟ್‌ವೇರಿನದ್ದು ಅಂತ ತೋರಿಸಲು ಬೇಕಾದ ಪೂರ್ತಿ ದಾಖಲೆ ಇದ್ದದ್ದು ಕಂಪನಿಯ ಸರ್ವರಿನಲ್ಲಿ, ಮಾಸ್ತರರ ಕೈಗೆ ಅದು ಸಿಗುತ್ತಿರಲಿಲ್ಲ. 2019ರ ಡಿಸೆಂಬರಿನಲ್ಲಿ ಹೈಕೋರ್ಟ್ ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವು, ದೂರದಿಂದಲೇ ಶಾಖೆಯ ಲೆಕ್ಕಕ್ಕೆ ಕೈ ಹಾಕಲು ಸಾಧ್ಯವಿತ್ತು ಅಂತ ಹೇಳಿತು. 2024ರ ಮೇನಲ್ಲಿ ಸಂಸತ್ತು ಕಾನೂನನ್ನೇ ಮಾಡಿ ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡಬೇಕಾಯಿತು.

ಸಾಫ್ಟ್‌ವೇರ್ ಸರಿಪಡಿಸಲು ದೂರದಿಂದ ಎನಿಡೆಸ್ಕ್‌ನಲ್ಲಿ ಬಂದು ಹೋಗುವುದು ಇಲ್ಲೂ ಸಾಮಾನ್ಯ. ಎನಿಡೆಸ್ಕ್ ಯಾರು ಯಾವಾಗ ಒಳಬಂದರು ಅನ್ನೋ ಒಂದು ಪಠ್ಯದ ಫೈಲನ್ನು ತಾನೇ ಇಟ್ಟುಕೊಳ್ಳುತ್ತದೆ. ಟ್ಯಾಲಿ ಪ್ರೈಮ್‌ನಲ್ಲಿ ‘ಎಡಿಟ್ ಲಾಗ್’ ಇದೆ, ಯಾವ ವೋಚರನ್ನು ಯಾರು ತಿದ್ದಿದರು ಅನ್ನೋದು ಅದರಲ್ಲಿ ಕಾಣುತ್ತದೆ. ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಇಂಥ ತಿದ್ದುಪಡಿ ದಾಖಲೆ ಇರುವ, ಅದನ್ನು ಬಂದ್ ಮಾಡಲಾಗದ ಸಾಫ್ಟ್‌ವೇರೇ ಕಡ್ಡಾಯ. ಒಬ್ಬರೇ ನಡೆಸುವ ಅಂಗಡಿಗೆ ಈ ನಿಯಮ ಇಲ್ಲ. ಆದರೂ ಆ ಸೌಲಭ್ಯ ಹಚ್ಚಿಟ್ಟರೆ ನಷ್ಟವೇನಿಲ್ಲ, ಪಾಲುದಾರಿಕೆ ಇದ್ದ ಕಡೆ ಅಂತೂ ಬೇಕೇ ಬೇಕು.

ಲಾಗ್ ಕೋರ್ಟಿಗೆ ಹೋಗಬೇಕಾದ ದಿನ ಬರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಕಂಪ್ಯೂಟರ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರ ನಮೂನೆಯಲ್ಲಿ ಫೈಲಿನ ‘ಹ್ಯಾಶ್’ ಸಂಖ್ಯೆ ಬರೆಯುವ ಜಾಗ ಇದೆ. ಫೈಲಿನ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಆದ್ದರಿಂದ ತಕರಾರು ಎದ್ದ ಕೂಡಲೇ ಲಾಗ್ ಫೈಲನ್ನು ತೆರೆದು ‘ಸ್ವಲ್ಪ ಸರಿ’ ಮಾಡಲು ಹೋಗದೆ, ಇದ್ದಂತೆ ನಕಲು ಮಾಡಿ ಬೇರೆ ಕಡೆ ಇಟ್ಟುಬಿಡಿ, ಆಮೇಲೆ ವಕೀಲರನ್ನು ಕೇಳಿ.

ಇಷ್ಟೆಲ್ಲ ಬರೆಸಿದ ಮೇಲೆ ಒಂದು ಪರೀಕ್ಷೆ ಉಳಿದಿರ್ತದೆ. ಯಾವುದಾದರೂ ಒಂದು ಸಂಜೆ ಹುಡುಗನಿಗೆ ಹೇಳದೆ ಪೆನ್‌ಡ್ರೈವ್ ಕಿತ್ತು ಗಲ್ಲೆಯಲ್ಲಿಟ್ಟು ಮನೆಗೆ ಹೋಗಿ. ಮರುದಿನ ಬೆಳಿಗ್ಗೆ ಲಾಗ್ ತೆರೆದಾಗ ರಾತ್ರಿ ಒಂಬತ್ತರ ಹೊತ್ತಿಗೆ ‘ತಪ್ಪು’ ಅನ್ನೋ ಸಾಲು, ಪೆನ್‌ಡ್ರೈವ್ ಸಿಗಲಿಲ್ಲ ಅನ್ನೋ ಕಾರಣದ ಸಮೇತ, ಬಿದ್ದಿರಬೇಕು. ಬಿದ್ದಿಲ್ಲ, ‘ಮುಗಿಯಿತು’ ಅಂತ ಬರೆದಿದೆ ಅಂದರೆ ಸ್ಕ್ರಿಪ್ಟ್ ಬರೆದವನನ್ನು ಚಹಾಕ್ಕೆ ಕರೆದು ಅದೇ ಸಾಲು ತೋರಿಸಿ.